ಮಿಗ್ ಮಿಷನ್ನಿಗೆ ನಾಲ್ಕು ಸ್ಟಾರು, ಮಾರಿದ ಅಂಗಡಿಗೆ ಎರಡು

ಇನ್ನೂರು ಆಂಪ್ಸ್, ಸಿಂಗಲ್ ಫೇಸ್, ಇನ್ವರ್ಟರ್ (ಎಲೆಕ್ಟ್ರಾನಿಕ್) ಮಾದರಿಯ ಮಿಗ್ ವೆಲ್ಡಿಂಗ್ ಮಿಷನ್ನು. ಮಿಗ್ ಅಂದ್ರೆ ರಾಡಿನ ಬದಲು ರೋಲಿಂದ ತಾನಾಗೇ ಬರೋ ವೈರನ್ನ ಕರಗಿಸಿ ಬೆಸೆಯೋ ವಿದ್ಯೆ. ಗ್ಯಾಸ್ ಹಾಕಿಯೂ ಓಡುತ್ತೆ, ಗ್ಯಾಸ್ ಇಲ್ಲದ ವೈರಲ್ಲೂ ಓಡುತ್ತೆ, ಬೇಕಂದ್ರೆ ರಾಡ್ ಸಿಕ್ಕಿಸಿ ಮಾಮೂಲಿ ವೆಲ್ಡಿಂಗೂ ಮಾಡಬಹುದು. ಕಬ್ಬು ಕಡಿಯೋ ಸೀಸನ್ನಿಗೆ ಮುಂಚೆ ತಂದೆ, ಸೀಸನ್ ಪೂರ್ತಿ ದುಡಿಸಿದ ಮೇಲೆ ಬರೀತಿದೀನಿ. ಕಂಪನಿ ಹೆಸರು ಹಾಕಲ್ಲ. ಇದೇ ಪೆಟ್ಟಿಗೆ, ಇದೇ ನಾಬುಗಳು, ಒಳಗಿನ ಇದೇ ವೈರ್ ಫೀಡರ್ರು ಕೆಂಪು ಬಣ್ಣ ಬಳ್ಕೊಂಡು ಒಂದು ಹೆಸರಲ್ಲಿ, ಹಳದಿ ಬಳ್ಕೊಂಡು ಇನ್ನೊಂದು ಹೆಸರಲ್ಲಿ ಮಾರಾಟಕ್ಕಿದೆ. ನಾನು ಹೇಳೋದು ಅವೆಲ್ಲದಕ್ಕೂ ಹೆಚ್ಚುಕಮ್ಮಿ ಹೊಂದುತ್ತೆ.

ನಮ್ದು ಮಂಡ್ಯದ ಗುತ್ತಲು ರಸ್ತೆ ಕಡೆ ಒಂದು ಶೆಡ್ಡು. ಗೇಟು, ಕಿಟಕಿ ಗ್ರಿಲ್ಲು, ಹಸು ಕಟ್ಟೋ ಕೊಟ್ಟಿಗೆ ಪೈಪು ವರ್ಷವಿಡೀ ಇರುತ್ತೆ. ಕಬ್ಬಿನ ಸೀಸನ್ ಬಂತು ಅಂದ್ರೆ ಟ್ರೈಲರ್ ರಿಪೇರಿ, ಆಲೆಮನೆ ಗಾಣದ ಸ್ಟ್ಯಾಂಡು, ಕೊಪ್ಪರಿಗೆ ಎತ್ತೋ ಕೊಂಡಿ, ಇವೇ. ಅಪ್ಪನ ಕಾಲದ ಆಯಿಲ್ ಕೂಲ್ಡ್ ರಾಡ್ ಮಿಷನ್ನು ಒಂದಿದೆ, ಇಬ್ಬರು ಹಿಡಿದರೂ ಅಲ್ಲಾಡಲ್ಲ. ಅದರಲ್ಲಿ ದಪ್ಪ ಕೆಲಸಕ್ಕೆ ತೊಂದರೆ ಇಲ್ಲ. ತಗಡಿನ ಕೆಲಸ ಬಂದಾಗ ಮಾತ್ರ ಜೀವ ತಿನ್ನುತ್ತೆ. ಹದಿನೆಂಟು ಗೇಜಿನ ಶೀಟಿಗೆ ರಾಡ್ ಮುಟ್ಟಿಸಿದರೆ ತೂತು, ತೂತು ಮುಚ್ಚೋಕೆ ಹೋದರೆ ಇನ್ನೂ ದೊಡ್ಡ ತೂತು. ಈಗ ಗೇಟಿನ ಗಿರಾಕಿಗಳೆಲ್ಲ ಫೋನಲ್ಲಿ ಡಿಸೈನ್ ತೋರಿಸಿ, ಲೇಸರ್ ಕಟಿಂಗ್ ಶೀಟ್ ಕೂರಿಸಿಕೊಡಿ ಅಂತಾರೆ. ಅದಕ್ಕೇ ಮಿಗ್ ತಗೊಂಡಿದ್ದು.

ಆ ಕೆಲಸಕ್ಕೆ ಇದನ್ನ ಮೀರಿಸೋದು ಬೇರೆ ಇಲ್ಲ. ಸ್ಲ್ಯಾಗ್ ಇಲ್ಲ, ಸುತ್ತಿಗೆ ಹಿಡಿದು ಚಿಪ್ಪು ಕುಟ್ಟೋ ಕೆಲಸ ಇಲ್ಲ, ರಾಡ್ ಬದಲಾಯಿಸೋಕೆ ನಿಲ್ಲಿಸೋದಿಲ್ಲ. ಟ್ರಿಗರ್ ಒತ್ತಿದರೆ ವೈರು ಬರ್ತಾನೇ ಇರುತ್ತೆ. ಗೇಟಿನ ಫ್ರೇಮು ಮುಗಿಯೋಕೆ ಮುಂಚೆ ಹಿಡೀತಿದ್ದ ಹೊತ್ತಿನ ಅರ್ಧವೂ ಹಿಡಿಯಲ್ಲ. ರಾಡಲ್ಲಿ ಕೈ ನಡುಗಿಸ್ತಿದ್ದ ನಮ್ಮ ಶೆಡ್ಡಿನ ಹುಡುಗ ಇದರಲ್ಲಿ ಬೇಗ ಪಳಗಿದ, ನಾಣ್ಯ ಜೋಡಿಸಿದಂಥ ಸಾಲು ಬೆಸುಗೆ ಎಳೆದು ಸ್ಟೇಟಸ್ಸಿಗೂ ಹಾಕಿದ.

ನಂಗೆ ಭಯ ಹುಟ್ಟಿಸಿದ್ದೂ ಅದೇ. ರಾಡ್ ವೆಲ್ಡಿಂಗಲ್ಲಿ ಕೆಟ್ಟ ಬೆಸುಗೆ ಕೆಟ್ಟದಾಗೇ ಕಾಣುತ್ತೆ. ಕರೆಂಟು ಸಾಲದಿದ್ರೆ ರಾಡು ಅಂಟ್ಕೊಳ್ಳುತ್ತೆ, ಕೈಗೇ ಗೊತ್ತಾಗುತ್ತೆ. ಮಿಗ್‌ನಲ್ಲಿ ಹಾಗಲ್ಲ. ತಳದ ಕಬ್ಬಿಣ ಕರಗಿತೋ ಇಲ್ಲವೋ ವೈರಿಗೆ ಗೊತ್ತಿಲ್ಲ, ಮೋಟರ್ ತಳ್ತಾ ಇರುತ್ತೆ, ವೈರು ಕರಗಿ ಮೇಲೆ ಕೂತ್ಕೊಳ್ಳುತ್ತೆ. ನೋಡೋಕೆ ಚೆಂದ, ಒಳಗೆ ಹಿಡಿದೇ ಇರಲ್ಲ. ಆದ್ದರಿಂದ ಈ ಮಿಷನ್ನನ್ನ ಹೇಗೆ ಕೂರಿಸ್ತೀರಿ, ಹೇಗೆ ಸೆಟ್ ಮಾಡ್ತೀರಿ ಅನ್ನೋದರ ಮೇಲೇ ಎಲ್ಲ ನಿಂತಿದೆ. ಅಂಗಡಿಯವರು ಅದನ್ನ ಹೇಳಿಕೊಡಲ್ಲ.

ಅಂಗಡಿ ವಿಷಯ ಮೊದಲು ಮುಗಿಸಿಬಿಡ್ತೀನಿ. ಮೈಸೂರಲ್ಲಿ ತಗೊಂಡಿದ್ದು. ಮೂವತ್ತು ಸಾವಿರದ ಆಸುಪಾಸು ಆಯ್ತು, ಚೌಕಾಸಿ ಮಾಡಿದ್ದಕ್ಕೆ ಒಂದು ಹೆಲ್ಮೆಟ್ಟು, ಒಂದು ಕೆಜಿ ವೈರಿನ ರೋಲು ಫ್ರೀ ಕೊಟ್ರು. "ಡೆಮೋ ಕೊಡ್ತೀರಾ" ಅಂದೆ. "ಏನಿಲ್ಲ ಸಾರ್, ಪ್ಲಗ್ ಹಾಕಿ, ಹೊಡೀರಿ, ಅಷ್ಟೇ" ಅಂದ್ರು. ಮ್ಯಾನುಯಲ್ ಅಂತ ನಾಲ್ಕು ಪುಟದ ಇಂಗ್ಲಿಷ್ ಕಾಗದ, ಅದರಲ್ಲೂ ಎರಡು ಪುಟ ವಾರಂಟಿ ಷರತ್ತು. ಆ ಫ್ರೀ ರೋಲಲ್ಲೇ ಇದ್ದಿದ್ದು ಮೊದಲ ಗಂಡಾಂತರ.

ಅದು ಗ್ಯಾಸ್‌ಲೆಸ್ ವೈರು. ಒಳಗೆ ಟೊಳ್ಳು, ಟೊಳ್ಳಲ್ಲಿ ಫ್ಲಕ್ಸ್ ಪುಡಿ, ಉರಿದಾಗ ಅದೇ ಹೊಗೆಯಾಗಿ ಬೆಸುಗೆ ಕಾಯುತ್ತೆ. ಅದಕ್ಕೆ ಟಾರ್ಚು, ಅಂದ್ರೆ ಕೈಲಿ ಹಿಡಿಯೋ ವೈರು ಬರೋ ಗನ್ನು, ಮೈನಸ್ಸಿಗೆ, ಕಬ್ಬಿಣಕ್ಕೆ ಕಚ್ಚಿಸೋ ಅರ್ತ್ ಕ್ಲಾಂಪು ಪ್ಲಸ್ಸಿಗೆ ಇರಬೇಕು. ತಾಮ್ರದ ಲೇಪ ಇರೋ ಗಟ್ಟಿ ವೈರಿಗೆ, ಅಂದ್ರೆ ಗ್ಯಾಸಿನ ವೈರಿಗೆ, ಇದರ ಉಲ್ಟಾ: ಟಾರ್ಚು ಪ್ಲಸ್ಸು, ಕ್ಲಾಂಪು ಮೈನಸ್ಸು. ಮಿಷನ್ನು ಬಂದಿದ್ದು ಗ್ಯಾಸಿನ ವೈರಿಗೆ ಕೂರಿಸಿ, ಕೈಗೆ ಕೊಟ್ಟ ವೈರು ಗ್ಯಾಸಿಲ್ಲದ್ದು. ಮುಂಭಾಗದಲ್ಲಿ ಒಂದು ಗೇಣುದ್ದದ ಕೇಬಲ್ಲು ನೇತಾಡ್ತಿರುತ್ತೆ, ಅದನ್ನ ಬಿಚ್ಚಿ ಇನ್ನೊಂದು ಸಾಕೆಟ್ಟಿಗೆ ಹಾಕಿದರೆ ಮುಗೀತು. ಹೇಳೋರಿಲ್ಲದೆ ಎಷ್ಟು ಜನ ಅದೇ ಉಲ್ಟಾ ಪೊಲಾರಿಟೀಲಿ ಹೊಡೆದು, ಪಟಪಟ ಸಿಡಿಸಿಕೊಂಡು, "ಚೈನಾ ಮಾಲು, ವೇಸ್ಟು" ಅಂತ ಮೂಲೆಗೆ ತಳ್ಳವ್ರೋ. ಮದ್ದೂರಿನ ನಮ್ಮ ಭಾವ ಹೀಗೇ ಒಂದು ಮಿಷನ್ನನ್ನ ಮೂಟೆ ಚೀಲ ಮುಚ್ಚಿ ಇಟ್ಟಿದ್ರು. ನಾನು ಹೋಗಿ ಆ ಕೇಬಲ್ ಬದಲಾಯಿಸಿದ ಮೇಲೆ ಈಗ ಊರೋರ ಕಲ್ಟಿವೇಟರೆಲ್ಲ ಅವರ ಮನೆ ಮುಂದೇನೇ.

ಇನ್ನು ವೈರು ಹಾಕೋದು. ನಾನು ಬಳಸೋದು ಇಆರ್70ಎಸ್-6 ಅನ್ನೋ ಗಟ್ಟಿ ವೈರು, 0.8 ಎಂಎಂ. ಇದರಲ್ಲಿ ಸಿಲಿಕಾನು, ಮ್ಯಾಂಗನೀಸು ಸ್ವಲ್ಪ ಜಾಸ್ತಿ, ಹಾಗಾಗಿ ಅಲ್ಪಸ್ವಲ್ಪ ತುಕ್ಕು ಇದ್ದರೂ ತಡ್ಕೊಳ್ಳುತ್ತೆ. ವೈರು ತಳ್ಳೋ ರೋಲರಿನ ತೋಡು ನೋಡ್ಕೊಳ್ಳಿ, ಎರಡು ಬದೀಲಿ ಎರಡು ಸೈಜು ಇರುತ್ತೆ, 0.8 ಅಂತ ಅಚ್ಚಾಗಿರೋ ಬದಿ ವೈರಿಗೆ ಬರಬೇಕು. ಗಟ್ಟಿ ವೈರಿಗೆ ವಿ ಆಕಾರದ ತೋಡು, ಟೊಳ್ಳು ವೈರಿಗೆ ಹಲ್ಲಿರೋ ರೋಲರು. ಹಲ್ಲಿನ ರೋಲರಲ್ಲಿ ಗಟ್ಟಿ ವೈರು ಓಡಿಸಿದರೆ ತಾಮ್ರ ಕೆರೆದು ಪುಡಿಯಾಗಿ ಲೈನರ್, ಅಂದ್ರೆ ಟಾರ್ಚಿನ ಕೇಬಲ್ಲೊಳಗೆ ವೈರು ಹಾಯೋ ಕೊಳವೆ, ಒಳಗೆ ತುಂಬ್ಕೊಳ್ಳುತ್ತೆ, ಆಮೇಲೆ ವೈರು ತಡೆದು ತಡೆದು ಬರುತ್ತೆ. ಟಾರ್ಚಿನ ತುದಿಯ ಟಿಪ್ಪೂ 0.8 ಇರಬೇಕು.

ರೋಲರಿನ ಬಿಗಿತ ಎಲ್ಲರೂ ಜಾಸ್ತಿ ಮಾಡ್ತಾರೆ. ನಾನು ಮಾಡೋದು: ಟಾರ್ಚಿನ ಕೇಬಲ್ ನೇರ ಚಾಚಿ, ಬಿಗಿತ ಸಡಿಲ ಇಟ್ಟು, ಗ್ಲೌಸ್ ಹಾಕ್ಕೊಂಡು ವೈರನ್ನ ಮರದ ಹಲಗೆಗೆ ಓರೆಯಾಗಿ ತಾಗಿಸಿ ಟ್ರಿಗರ್ ಒತ್ತೋದು. ರೋಲರ್ ಜಾರಿದರೆ ಒಂದು ಚೂರು ಬಿಗಿ. ವೈರು ಹಲಗೆಗೆ ಮುಟ್ಟಿ ಸುರುಳಿ ಸುತ್ತೋಕೆ ಶುರುವಾದ ಕಡೆ ನಿಲ್ಲಿಸಿ. ಅದಕ್ಕಿಂತ ಬಿಗಿ ಮಾಡಿದ್ರೆ, ಟಿಪ್ಪಲ್ಲಿ ವೈರು ಕಚ್ಕೊಂಡ ದಿನ ಒಳಗೆ ರೋಲರ್ ಹತ್ರ ಗುಬ್ಬಿಗೂಡು ಕಟ್ಟುತ್ತೆ. ಬಿಚ್ಚಿ ಕತ್ತರಿಸಿ ಎಳೆಯೋ ಹೊತ್ತಿಗೆ ಗಿರಾಕಿ ಟೀ ಕುಡಿದು ಬಂದು ತಲೆ ಮೇಲೆ ನಿಂತಿರ್ತಾನೆ. ವೈರು ಹೊರಗೆ ಬರೋವಾಗ ಟಾರ್ಚನ್ನ ಮುಖಕ್ಕೆ ಹಿಡ್ಕೊಂಡು "ಬಂತಾ" ಅಂತ ಇಣುಕಬೇಡಿ. ಸೂಜಿಯಂಥ ತುದಿ, ಕಣ್ಣಿಗೆ ಬಂದ್ರೆ ಮುಗೀತು.

ಗ್ಯಾಸು. ಕರಗಿದ ಕಬ್ಬಿಣಕ್ಕೆ ಗಾಳಿ ತಾಗದಂಗೆ ಕಾಯೋದು ಇದೇ. ನಾವು ಬಳಸೋದು ಶುದ್ಧ ಸಿಓಟು, ಅಂದ್ರೆ ಕಾರ್ಬನ್ ಡೈಆಕ್ಸೈಡು. ಆರ್ಗಾನಿಗೆ ಇಪ್ಪತ್ತು ಪರ್ಸೆಂಟ್ ಸಿಓಟು ಬೆರೆಸಿದ್ದೂ ಸಿಗುತ್ತೆ, ಸಿಡಿತ ಕಮ್ಮಿ, ತಗಡಿಗೆ ಇನ್ನೂ ನಯ, ಆದರೆ ರೇಟು ಕೇಳಿದರೆ ಗೇಟಿನ ಲಾಭ ಗ್ಯಾಸಲ್ಲೇ ಹೋಗುತ್ತೆ. 1948ರ ಹೊತ್ತಿಗೆ ಅಮೆರಿಕದಲ್ಲಿ ಈ ವಿದ್ಯೆ ಶುರುವಾದಾಗ ದುಬಾರಿ ಗ್ಯಾಸೇ ಗತಿ. 1953ರಲ್ಲಿ ಕಬ್ಬಿಣಕ್ಕೆ ಸಿಓಟು ಸಾಕು ಅಂತಾದ ಮೇಲೇ ಇದು ನಮ್ಮಂಥವರ ಶೆಡ್ಡಿಗೆ ಎಟುಕೋ ದಾರಿ ತೆರೆದಿದ್ದು. ಹತ್ತು ಕೆಜಿ ಸಿಲಿಂಡರು, ನಿಮಿಷಕ್ಕೆ ಹನ್ನೆರಡು ಲೀಟರಿನ ಲೆಕ್ಕದಲ್ಲಿ ಟ್ರಿಗರ್ ಒತ್ತಿದ ಹೊತ್ತಷ್ಟೇ ಹಿಡಿದರೆ ಏಳು ಗಂಟೆ ದಾಟಿ ಬರುತ್ತೆ. ಒಂದು ಕೆಜಿ ಸಿಓಟು ಹೊರಗೆ ಬಂದ್ರೆ ಐನೂರು ಲೀಟರಿಗೂ ಮೇಲೆ ಗ್ಯಾಸು, ಲೆಕ್ಕ ನೀವೇ ಹಾಕಿ. ಹದಿನೈದರ ಮೇಲೆ ತಿರುಗಿಸಿದರೆ ಒಳ್ಳೇದು ಅನ್ನೋದು ಸುಳ್ಳು. ಗ್ಯಾಸು ರಭಸಕ್ಕೆ ಸುಳಿ ಸುತ್ತಿ ಗಾಳೀನೂ ಒಳಗೆ ಎಳ್ಕೊಳ್ಳುತ್ತೆ, ಬೆಸುಗೆ ತೂತು ತೂತು.

ಸಿಲಿಂಡರಿನ ಮೀಟರ್ ಮುಳ್ಳನ್ನ ನಂಬಬೇಡಿ. ಒಳಗೆ ಇರೋದು ದ್ರವ. ದ್ರವ ಇರೋ ತನಕ ಪ್ರೆಶರ್ ಇಳಿಯಲ್ಲ, ಇಪ್ಪತ್ತು ಡಿಗ್ರಿ ಹವೇಲಿ ಐವತ್ತೇಳು ಬಾರ್ ಸುಮಾರಿಗೇ ನಿಂತಿರುತ್ತೆ. ದ್ರವ ಮುಗಿದ ಮೇಲೆ ಇದ್ದಕ್ಕಿದ್ದಂಗೆ ಬೀಳುತ್ತೆ. ತೂಕ ಹಾಕಿ ನೋಡೋದೇ ಸರಿ, ಖಾಲಿ ತೂಕ ಸಿಲಿಂಡರಿನ ಭುಜದ ಮೇಲೆ ಪಂಚ್ ಹೊಡೆದಿರ್ತಾರೆ. ತುಂಬಿಸ್ಕೊಂಡು ಬರೋವಾಗ ಟೆಸ್ಟಿಂಗ್ ತಾರೀಖೂ ನೋಡ್ಕೊಳ್ಳಿ. ಮೂವತ್ತೊಂದು ಡಿಗ್ರಿ ದಾಟಿದರೆ ಸಿಓಟು ದ್ರವವಾಗಿ ಉಳಿಯಲ್ಲ, ಒತ್ತಡ ಏರ್ತಾ ಹೋಗುತ್ತೆ. ಏಪ್ರಿಲ್ ತಿಂಗಳ ಮಂಡ್ಯದ ಬಿಸಿಲಲ್ಲಿ ಶೆಡ್ಡಿನ ಹೊರಗೆ ನಿಲ್ಲಿಸೋ ವಸ್ತು ಅಲ್ಲ ಅದು. ಒಳಗೇ ನೆಟ್ಟಗೆ ನಿಲ್ಲಿಸಿ, ಕಂಬಕ್ಕೆ ಚೈನ್ ಹಾಕಿ ಕಟ್ಟಿ. ಮಲಗಿಸಿ ಓಡಿಸಿದರೆ ದ್ರವಾನೇ ರೆಗ್ಯುಲೇಟರಿಗೆ ನುಗ್ಗುತ್ತೆ. ಇನ್ನೊಂದು, ಸಿಓಟು ರೆಗ್ಯುಲೇಟರಿಗೆ ಹೀಟರ್ ಇರಬೇಕು. ಇಲ್ಲದಿದ್ರೆ ಒಂದೇ ಸಮ ಹೊಡೀವಾಗ ಅದರ ಮೇಲೆ ಮಂಜು ಕಟ್ಟಿ ಗ್ಯಾಸ್ ನಿಂತುಹೋಗುತ್ತೆ. ಕಾಂಬೋ ಅಂತ ಕೊಡೋ ಅಗ್ಗದ ರೆಗ್ಯುಲೇಟರಲ್ಲಿ ಹೀಟರ್ ಇರಲ್ಲ, ಕೇಳಿ ತಗೊಳ್ಳಿ.

ಕರೆಂಟಿನ ವಿಷಯ. ಅಂಗಡಿಯವರ "ಪ್ಲಗ್ ಹಾಕಿ, ಹೊಡೀರಿ" ಅನ್ನೋ ಮಾತು ಮನೆ ಸುಡೋ ಮಾತು. ಇನ್ನೂರು ಆಂಪ್ಸಿಗೆ ಇಪ್ಪತ್ನಾಲ್ಕು ವೋಲ್ಟು ಅಂದ್ರೆ ಹೊರಗೇ 4.8 ಕಿಲೋವ್ಯಾಟು. ಮಿಷನ್ನಿನ ನಷ್ಟ, ಪವರ್ ಫ್ಯಾಕ್ಟರ್ ಎಲ್ಲ ಸೇರಿಸಿದರೆ ಗೋಡೆಯಿಂದ ಎಳೆಯೋದು ಮೂವತ್ತೈದು ಆಂಪ್ಸ್ ಸುಮಾರು. ಹದಿನಾರು ಆಂಪ್ಸಿನ ಗೀಸರ್ ಪ್ಲಗ್ಗಿಗೆ ನೂರು, ನೂರಹತ್ತು ಆಂಪ್ಸ್ ವೆಲ್ಡಿಂಗೇ ಗರಿಷ್ಠ. ಅದಕ್ಕಿಂತ ಮೇಲಿನ ಕೆಲಸಕ್ಕೆ ಬೇರೆ ಲೈನು, ಆರು ಸ್ಕ್ವೇರ್ ಎಂಎಂ ತಾಮ್ರದ ವೈರು, ಮೂವತ್ತೆರಡರ ಎಂಸಿಬಿ, ಇಂಡಸ್ಟ್ರಿಯಲ್ ಸಾಕೆಟ್ಟು, ಸರಿಯಾದ ಅರ್ತು ಬೇಕೇ ಬೇಕು. ಆ ಎಂಸಿಬೀಲೂ ಪೂರ್ತಿ ಇನ್ನೂರಕ್ಕೆ ಇಟ್ಟು ಎಳೀತಾ ಇದ್ರೆ ಟ್ರಿಪ್ ಆಗಬಹುದು. ನಂಗೆ ನೂರರವತ್ತರ ಮೇಲೆ ಬೇಕಾಗೋದೂ ಅಪರೂಪ. ಮೀಟರಿಗೆ ಮಂಜೂರಾದ ಲೋಡು ಎಷ್ಟು ಅಂತ ಬಿಲ್ ತೆಗೆದು ನೋಡಿ. ಎಕ್ಸ್‌ಟೆನ್ಶನ್ ಬಾಕ್ಸನ್ನ ಸುತ್ತಿದಂಗೇ ಇಟ್ಟು ಓಡಿಸಿದರೆ ಸುರುಳಿ ಒಳಗೇ ಕಾದು ಕರಗುತ್ತೆ, ಪೂರ್ತಿ ಬಿಚ್ಚಿ ಹಾಸಿ. ಸಂಜೆ ಹೊತ್ತು ಪಂಪ್‌ಸೆಟ್ಟುಗಳು ಓಡೋವಾಗ ವೋಲ್ಟೇಜು ಇಳಿದರೆ ಬೆಳಗ್ಗೆ ಚೆನ್ನಾಗಿದ್ದ ಸೆಟ್ಟಿಂಗೇ ಬೇರೆ ಥರ ನಡ್ಕೊಳ್ಳುತ್ತೆ, ಹಿಡಿತ ಸಾಲಲ್ಲ. ಅದಕ್ಕೆ ಭಾರ ಹೊರೋ ಕೆಲಸ ನಾನು ಸಂಜೆ ಮಾಡಲ್ಲ.

ಮುಖ್ಯವಾದ ನಾಬು ಎರಡು. ಒಂದು ವೋಲ್ಟೇಜು, ಇನ್ನೊಂದು ವೈರಿನ ವೇಗ. ವೇಗ ಜಾಸ್ತಿ ಮಾಡಿದರೆ ಆಂಪ್ಸ್ ಜಾಸ್ತಿ, ಶಾಖ ಒಳಗೆ ಇಳಿಯುತ್ತೆ. ವೋಲ್ಟೇಜು ಜಾಸ್ತಿ ಮಾಡಿದರೆ ಬೆಸುಗೆ ಅಗಲವಾಗಿ ಮಲಗುತ್ತೆ, ಕಮ್ಮಿ ಮಾಡಿದರೆ ಉಬ್ಬಿಕೊಂಡು ಹಗ್ಗದ ಥರ ಮೇಲೇ ನಿಲ್ಲುತ್ತೆ. ನನ್ನ ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರೋದು ಇಷ್ಟು: ಹದಿನಾರು ಗೇಜು ಪೈಪಿಗೆ ಅರವತ್ತೈದು ಆಂಪ್ಸ್, ಹದಿನೇಳು ವೋಲ್ಟು. ಮೂರು ಎಂಎಂಗೆ ನೂರಹತ್ತು, ಹತ್ತೊಂಬತ್ತೂವರೆ. ಐದು ಎಂಎಂಗೆ ನೂರೈವತ್ತೈದು, ಇಪ್ಪತ್ತೆರಡು ಹತ್ರ. ಆಂಪ್ಸನ್ನ ಇಪ್ಪತ್ತರಿಂದ ಭಾಗಿಸಿ ಹದಿನಾಲ್ಕು ಕೂಡಿಸಿದರೆ ವೋಲ್ಟು ಸಿಗುತ್ತೆ, ಪಿಇಎಸ್ ಎಂಜಿನಿಯರಿಂಗ್ ಕಾಲೇಜಲ್ಲಿ ಮೆಕ್ಯಾನಿಕಲ್ ಓದ್ತಿರೋ ಮಗಳು ಹೇಳಿಕೊಟ್ಟ ಲೆಕ್ಕ ಅದು. ಶುದ್ಧ ಸಿಓಟುಗೆ ಒಂದು ವೋಲ್ಟು ಮೇಲೇ ಇರಲಿ. ಟಿಪ್ಪಿಂದ ಆಚೆ ವೈರು ಹತ್ತರಿಂದ ಹದಿನೈದು ಎಂಎಂ ಮಾತ್ರ. ಇನ್ನೂ ದೂರ ಹಿಡಿದರೆ ಆಂಪ್ಸ್ ತಾನಾಗೇ ಬೀಳುತ್ತೆ, ಗ್ಯಾಸೂ ತಲುಪಲ್ಲ.

ಸೆಟ್ಟಿಂಗ್ ಕೂತಿದೆ ಅಂತ ಕಿವಿಗೇ ಗೊತ್ತಾಗುತ್ತೆ. ಒಗ್ಗರಣೇಲಿ ಸಾಸಿವೆ ಸಿಡಿಯೋ ಥರ ಒಂದೇ ಸಮನೆ ಸದ್ದು ಬರಬೇಕು. ವೈರು ಸೆಕೆಂಡಿಗೆ ಹತ್ತಾರು ಸಲ ಮುಟ್ಟಿ, ಕರಗಿ, ಕಡಿದು, ಮತ್ತೆ ಮುಟ್ಟೋ ಸದ್ದು ಅದು. ವೈರು ಟಾರ್ಚನ್ನೇ ಹಿಂದಕ್ಕೆ ತಳ್ಳಿದಂಗೆ ಕುಟ್ಟಿದರೆ ವೇಗ ಜಾಸ್ತಿ ಆಗಿದೆ, ಇಲ್ಲ ವೋಲ್ಟು ಸಾಲದು. ಬರೀ ಉಸ್ ಅಂತ ಊದಿ ದೊಡ್ಡ ದೊಡ್ಡ ಹನಿ ಬಿದ್ರೆ ವೋಲ್ಟು ಜಾಸ್ತಿ.

ಆದರೆ ಕಿವಿಯೂ ಸುಳ್ಳು ಹೇಳಬಹುದು ಅಂತ ತೋರಿಸಿದ್ದು ಐದು ಎಂಎಂ ಪಟ್ಟಿಯ ಎರಡು ತುಂಡು. ಹುಡುಗನ ಕೈಲಿ ಒಂದನ್ನ ಇನ್ನೊಂದರ ಮೇಲೆ ನೆಟ್ಟಗೆ ನಿಲ್ಲಿಸಿ, ಒಂದೇ ಬದಿಗೆ ಬೆಸುಗೆ ಹಾಕಿಸಿದೆ. ಅವನು ಪೈಪಿಗೆ ಇಟ್ಟಿದ್ದ ಸೆಟ್ಟಿಂಗಲ್ಲೇ ಎಳೆದ. ಸಾಲು ನೋಡಿದರೆ ಫೋಟೋ ತೆಗೀಬೇಕು, ಹಾಗಿತ್ತು. ವೈಸಿಗೆ ಕಚ್ಚಿಸಿ, ಬೆಸುಗೆ ಬಾಯಿ ಬಿಡೋ ಕಡೆಯಿಂದ ಎರಡು ಕೆಜಿ ಸುತ್ತಿಗೇಲಿ ಹೊಡೀ ಅಂದೆ. ಎರಡನೇ ಏಟಿಗೆ ಪಟ್ಟಿ ಕಳಚಿ ನೆಲಕ್ಕೆ ಬಿತ್ತು. ಕೆಳಗಿನ ಪಟ್ಟಿ ಮೇಲೆ ನಾವು ಗ್ರೈಂಡರಲ್ಲಿ ಉಜ್ಜಿದ್ದ ಗೀಟು ಗೀಟು ಹಂಗಂಗೇ ಇತ್ತು. ಅಂದ್ರೆ ಅಲ್ಲಿ ಕಬ್ಬಿಣ ಒಂದು ಕೂದಲೆಳೆಯಷ್ಟೂ ಕರಗಿರಲಿಲ್ಲ, ಬೆಸುಗೆ ಬರೀ ಕೂತಿತ್ತು.

"ಅಣ್ಣೋ, ಇದೇನ್ ಇಂಗ್ ಕಿತ್ಕೊಂಡೋಯ್ತು" ಅಂದ. "ಈಗ ನೂರೈವತ್ತೈದಕ್ಕೆ ಇಟ್ಟು ಹೊಡಿ, ಕೈ ನಿಧಾನ" ಅಂದೆ. ಎರಡನೇ ಜೋಡಿ ಬಗ್ಗಿ ಬಗ್ಗಿ ಪಟ್ಟಿಯೇ ಮಡಚ್ಕೊಂಡಿತು, ಬೆಸುಗೆ ಬಿಡಲಿಲ್ಲ. ಸಾಲು ಮಾತ್ರ ಮೊದಲಿನಷ್ಟು ಚೆಂದ ಇರಲಿಲ್ಲ, ಅಂಚಲ್ಲಿ ಸ್ವಲ್ಪ ಸಿಡಿತ, ಸ್ವಲ್ಪ ಅಂಕುಡೊಂಕು. ಆ ಕಿತ್ತುಬಂದ ಪಟ್ಟಿಯನ್ನ ಸ್ವಿಚ್‌ಬೋರ್ಡ್ ಪಕ್ಕ ಮೊಳೆ ಹೊಡೆದು ನೇತುಹಾಕಿದೀನಿ. ಮಿಗ್ ತಗೊಳ್ಳೋ ಯಾರೇ ಆಗಲಿ ಗಿರಾಕಿ ಕೆಲಸ ಮುಟ್ಟೋಕೆ ಮುಂಚೆ ಈ ಸುತ್ತಿಗೆ ಪರೀಕ್ಷೆ ಮಾಡಿ. ಖರ್ಚು ಎರಡು ತುಂಡು ಗುಜರಿ.

ಇದರ ಜತೆಗೇ ಇನ್ನೊಂದು ಚಾಳಿ ಇದೆ. ನಿಂತಿರೋ ಜಾಯಿಂಟನ್ನ ಮೇಲಿಂದ ಕೆಳಕ್ಕೆ ಎಳೆದರೆ ಸಲೀಸು, ನಯ. ಪೈಪಿಗೆ, ತಗಡಿಗೆ ಧಾರಾಳವಾಗಿ ಎಳೀರಿ. ದಪ್ಪ ಪ್ಲೇಟಿಗೆ ಹಾಗೆ ಎಳೆದರೆ ಕರಗಿದ್ದು ಮುಂದೆ ಮುಂದೆ ಜಾರಿ, ಅದರ ಮೇಲೇ ಆರ್ಕ್, ಅಂದ್ರೆ ವೈರಿನ ತುದಿಯ ಕಿಚ್ಚು, ಉರಿಯುತ್ತೆ, ತಳ ತಣ್ಣಗೇ ಉಳಿಯುತ್ತೆ. ದಪ್ಪಕ್ಕೆ ಕೆಳಗಿಂದ ಮೇಲಕ್ಕೇ ಹತ್ತಬೇಕು.

ಟ್ರೈಲರನ್ನ ಟ್ರ್ಯಾಕ್ಟರಿಗೆ ಸಿಕ್ಕಿಸೋ ಡ್ರಾಬಾರಿಗೆ, ಆಕ್ಸಲ್ ಬ್ರಾಕೆಟ್ಟಿಗೆ ಈ ಮಿಷನ್ನು ನಾನು ಮುಟ್ಟಿಸಲ್ಲ. ಹತ್ತು ಟನ್ನಿಗೂ ಮೇಲೆ ಕಬ್ಬು ಹೇರಿಕೊಂಡು ನಾಲೆ ಏರಿ ಮೇಲೆ ಹೋಗೋ ಗಾಡಿ ಅದು, ಹಿಂದೆ ಶಾಲೆ ಮಕ್ಕಳು ಸೈಕಲ್ಲಲ್ಲಿ ಬರ್ತಿರ್ತಾವೆ. ಅಲ್ಲಿನ ಪ್ಲೇಟು ಹತ್ತು, ಹನ್ನೆರಡು ಎಂಎಂ. ಸಿಂಗಲ್ ಫೇಸಿನ ಇನ್ನೂರು ಆಂಪ್ಸಲ್ಲಿ 0.8 ವೈರಿಟ್ಕೊಂಡು ಅಲ್ಲಿ ಮಾಡಬಾರದು ಅಂತ ಎಲ್ಲೂ ಬರೆದಿಲ್ಲ, ಅಂಚು ಸೀಳಿ, ಹಲವು ಸಾಲು ಹಾಕಿ ಮಾಡೋರು ಮಾಡ್ತಾರೆ. ನಾನು ಅಂಚು ವಿ ಥರ ಗ್ರೈಂಡ್ ಮಾಡಿ, ಒಣಗಿದ 7018 ನಂಬರಿನ ರಾಡಲ್ಲಿ, ಅಪ್ಪನ ಮಿಷನ್ನಲ್ಲೇ ಮಾಡ್ತೀನಿ. ಒಬ್ಬ ಟ್ರೈಲರ್ ಓನರ್ರು "ಅದೇ ಹೊಸಾ ಮಿಷನ್ನಲ್ಲಿ ನೈಸಾಗಿ ಮಾಡ್ಕೊಡಿ ಯಜಮಾನ್ರೇ, ಪೇಂಟ್ ಹೊಡೆದ್ರೆ ಗೊತ್ತೇ ಆಗ್ಬಾರ್ದು" ಅಂದ್ರು. ಗೋಡೆ ಮೇಲಿನ ಪಟ್ಟಿ ತೋರಿಸಿದೆ. ಆಮೇಲೆ ಮಾತಾಡಲಿಲ್ಲ.

ಗಾಳಿ ಇದರ ದೊಡ್ಡ ಶತ್ರು. ಹೊಲದ ಬದೂಲಿ, ನಾಲೆ ಏರಿ ಮೇಲೆ ಗ್ಯಾಸ್ ಹಾಕಿ ಮಿಗ್ ಮಾಡೋದು ಆಗದ ಮಾತು. ಶೆಡ್ಡಿನ ಒಳಗೂ ಪೆಡೆಸ್ಟಲ್ ಫ್ಯಾನು ಬೆಸುಗೆ ಕಡೆ ತಿರುಗಿದ್ರೆ ಮೇಲೆಲ್ಲ ತೂತು. ಫ್ಯಾನನ್ನ ಬೆನ್ನ ಹಿಂದೆ ಅಲ್ಲ, ಹೊಗೆ ಪಕ್ಕಕ್ಕೆ ಹೋಗೋ ಥರ ದೂರದಲ್ಲಿ ಇಟ್ಟಿದೀವಿ. ಆಲೆಮನೆಯಿಂದ ಬರೋ ಸಾಮಾನಿನ ಮೇಲೆ ಬೆಲ್ಲದ ಪಾಕ ಅಂಟಿರುತ್ತೆ. ವೈರ್ ಬ್ರಷ್ಷಲ್ಲಿ ಉಜ್ಜಿ ಬೆಳ್ಳಗೆ ಮಾಡದೆ ಹೊಡೆದರೆ ಕಪ್ಪು ಹೊಗೆ, ಒಳಗೆಲ್ಲ ಗುಳ್ಳೆ. ತೊಳೆಯೋಕೆ ಬ್ರೇಕ್ ಕ್ಲೀನರ್ ಸ್ಪ್ರೇ ಮಾತ್ರ ಹಾಕಬೇಡಿ. ಕ್ಲೋರಿನ್ ಇರೋ ಸ್ಪ್ರೇಗೆ ಆರ್ಕಿನ ಬೆಳಕು, ಶಾಖ ತಾಗಿದರೆ ಫಾಸ್ಜೀನ್ ಅನ್ನೋ ವಿಷದ ಗಾಳಿ ಹುಟ್ಟುತ್ತೆ.

ಜಿಐ ಪೈಪು ಇನ್ನೊಂದು ಕಥೆ. ಕೊಟ್ಟಿಗೆ ಕೆಲಸಕ್ಕೆ ಎಲ್ಲರೂ ಅದನ್ನೇ ಕೇಳ್ತಾರೆ. ಸತುವಿನ ಲೇಪ ಉರಿದಾಗ ಬಿಳೀ ಹೊಗೆ, ಹತ್ತಿ ಎಳೆ ಥರ ತೇಲುತ್ತೆ. ಆ ಹೊಗೆ ಕುಡಿದೋರಿಗೆ ಸಂಜೆ ಹೊತ್ತಿಗೆ ಮೈ ನಡುಕ, ಜ್ವರ, ಬಾಯೆಲ್ಲ ಲೋಹದ ರುಚಿ. "ಒಂದು ಲೋಟ ಹಾಲು ಕುಡುದ್ರೆ ಸರೋಯ್ತದೆ" ಅಂತ ನಮ್ಮ ಕಡೆ ಮಾತಿದೆ. ಹಾಲು ಹೊಟ್ಟೆಗೆ ಹೋಗುತ್ತೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ. ಜಾಯಿಂಟಿನ ಎರಡೂ ಕಡೆ ಒಂದೊಂದು ಇಂಚು ಲೇಪ ಗ್ರೈಂಡ್ ಮಾಡಿ, ಮಾಸ್ಕ್ ಹಾಕಿ, ಬಯಲಿಗೆ ಬಾಗಿಲು ತೆಗೆದು ಮಾಡಿ, ಮೇಲೆ ಜಿಂಕ್ ಪೇಂಟ್ ಹೊಡೀರಿ. ಟ್ಯಾಂಕಿನ ಒಳಗೆ, ಗುಂಡಿ ಒಳಗೆ ಕೂತು ಈ ಗ್ಯಾಸಲ್ಲಿ ಕೆಲಸ ಬೇಡವೇ ಬೇಡ. ಸಿಓಟು ಗಾಳಿಗಿಂತ ಭಾರ, ತಳದಲ್ಲೇ ತುಂಬ್ಕೊಳ್ಳುತ್ತೆ.

ಫ್ರೀ ಕೊಟ್ಟ ಹೆಲ್ಮೆಟ್ಟು ಆಟೋ ಡಾರ್ಕಂತೆ. ಬಿಸಿಲಿಗೆ ಹಿಡಿದು ನೋಡಿದೆ, ಅರ್ಧ ಗಾಜು ಕಪ್ಪಾಯ್ತು, ಅರ್ಧ ಯೋಚನೆ ಮಾಡ್ತಿತ್ತು. ಎತ್ತಿ ಗ್ರೈಂಡಿಂಗಿಗೆ ಇಟ್ಟೆ. ಶೇಡು ಒಂಬತ್ತರಿಂದ ಹದಿಮೂರರ ತನಕ ಬದಲಾಗೋ ಒಳ್ಳೇದೊಂದು ಬೇರೆ ತಗೊಂಡೆ, ಕೆಲಸ ಹನ್ನೊಂದರಲ್ಲಿ ನಡೆಯುತ್ತೆ. ಪೈಪನ್ನ ಬರೀ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕೋಕೆ ತಾನೇ ಅಂತ ಕಣ್ಣು ಮುಚ್ಚಿ ಹೊಡೆಯೋ ಚಟ ನಮ್ಮಲ್ಲಿ ಬಹಳ. ಆಗ ಏನೂ ಅನ್ಸಲ್ಲ. ನಡುರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ಉರಿ ಶುರು. ಆಲೂಗಡ್ಡೆ ಹೋಳು, ಎದೆಹಾಲು ಅಂತ ಕಣ್ಣಿಗೆ ಏನೇನೋ ಹಾಕೋರಿದ್ದಾರೆ. ಹಾಗೆಲ್ಲ ಮಾಡದೆ ಕಣ್ಣಿನ ಡಾಕ್ಟರ ಹತ್ರ ಹೋಗಿ. ಕತ್ತಿನ ಹತ್ರ ಗುಂಡಿ ಬಿಚ್ಚಿದ ಅಂಗಿ, ಹವಾಯಿ ಚಪ್ಪಲಿ, ಪಾಲಿಸ್ಟರ್ ಪ್ಯಾಂಟು ಮೂರೂ ಬೇಡ. ಕಾಟನ್ ಬಟ್ಟೆ, ಚರ್ಮದ ಶೂ, ಚರ್ಮದ ಗ್ಲೌಸು. ನಮ್ಮ ಹುಡುಗ ಶೂ ಹಾಕಲ್ಲ ಅಂತ ಹಠ ಹಿಡಿದಿದ್ದ. ಶೂ ಕೊಡಿಸಿ, ಹಾಕದ ದಿನ ಕೂಲಿ ಕಟ್ ಅಂದ ಮೇಲೆ ಹಾಕ್ತಾನೆ.

ಸೀಸನ್ನಲ್ಲಿ ಶೆಡ್ಡಿನ ಸುತ್ತ ಕಬ್ಬಿನ ಸೋಗೆ, ಒಣಗಿದ ಸಿಪ್ಪೆ ಬಿದ್ದಿರುತ್ತೆ. ಕಿಡಿ ಹತ್ತು ಮೀಟರ್ ದೂರ ಹಾರುತ್ತೆ. ಗುಡಿಸಿ, ನೀರು ಚಿಮುಕಿಸಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟು ಶುರುಮಾಡ್ತೀವಿ. ಮುಗಿದ ಮೇಲೆ ಅರ್ಧ ಗಂಟೆಯಾದ್ರೂ ಯಾರಾದ್ರೂ ಅಲ್ಲೇ ಇರಬೇಕು, ಸೋಗೆ ಒಳಗೊಳಗೇ ಹೊಗೆಯಾಡಿ ಆಮೇಲೆ ಹತ್ತಿಕೊಳ್ಳುತ್ತೆ. ಡೀಸೆಲ್ ಟ್ಯಾಂಕು ತಂದು "ಖಾಲಿ ಐತೆ, ಒಂದ್ ಚುಕ್ಕಿ ಹಾಕಣ್ಣ" ಅನ್ನೋರನ್ನ ಹಾಗೇ ವಾಪಸ್ ಕಳಿಸ್ತೀನಿ. ಒಳಗಿರೋ ಆವಿ ಸಿಡಿಯೋಕೆ ಎಣ್ಣೆ ತುಂಬಿರಬೇಕಂತ ಇಲ್ಲ. ಟ್ರ್ಯಾಕ್ಟರಿಗೇ ವೆಲ್ಡಿಂಗ್ ಮಾಡೋದಾದ್ರೆ ಬ್ಯಾಟರಿ ಕಳಚಿ, ಅರ್ತ್ ಕ್ಲಾಂಪನ್ನ ಬೆಸುಗೆಯ ಹತ್ತಿರದ ಬರೀ ಕಬ್ಬಿಣಕ್ಕೆ ಕಚ್ಚಿಸಿ. ದೂರ ಕಚ್ಚಿಸಿದರೆ ಕರೆಂಟು ಬೇರಿಂಗ್ ಮೂಲಕ ಓಡಿ ಅದನ್ನ ತಿಂದುಹಾಕುತ್ತೆ.

ಮಿಷನ್ನಿನ ಒಂದು ಸ್ಟಾರ್ ಹೋಗಿದ್ದು ಜತೆಗೆ ಬಂದ ಕ್ಲಾಂಪಿಗೆ, ಟಾರ್ಚಿಗೆ. ಕ್ಲಾಂಪು ತಗಡಿನ ಬಟ್ಟೆ ಕ್ಲಿಪ್ಪು. ನೂರೈವತ್ತು ಆಂಪ್ಸಿಗೆ ಕೈ ಸುಡೋಷ್ಟು ಕಾಯ್ತಿತ್ತು. ಮುನ್ನೂರು ಆಂಪ್ಸಿನ ಹಿತ್ತಾಳೆ ಕ್ಲಾಂಪು ಹಾಕಿದ ಮೇಲೆ ಆರ್ಕು ನಿಂತಿತು. ಟಾರ್ಚು ಪುಟ್ಟದು, ಒಂದೇ ಸಮ ದೊಡ್ಡ ಆಂಪ್ಸಲ್ಲಿ ಹಿಡಿಯೋಕೆ ಆಗಲ್ಲ. ಅರವತ್ತು ಪರ್ಸೆಂಟ್ ಡ್ಯೂಟಿ ಸೈಕಲ್ ಅಂತ ಮೈ ಮೇಲೆ ಬರೆದಿದ್ದಾರೆ, ಅಂದ್ರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಅದು ಮಿಷನ್ನಿಗೆ ಹೇಳಿದ್ದು, ಟಾರ್ಚಿನ ಕೈಹಿಡಿ ಅದಕ್ಕೂ ಮುಂಚೆ ಸುಸ್ತಾಗುತ್ತೆ. ಟಾರ್ಚಿನ ತುದಿಯ ಭಾಗಗಳಾದ ಟಿಪ್ಪು, ನಾಝಲ್ಲು, ಡಿಫ್ಯೂಸರು ಹೆಚ್ಚಿಗೆ ತಂದಿಟ್ಕೊಳ್ಳಿ, ಟಿಪ್ಪು ಸವೆದು ಅಂಡಾಕಾರ ಆದ್ರೆ ಆರ್ಕ್ ಅಲೆಯುತ್ತೆ. ತಿಂಗಳಿಗೊಂದು ಸಲ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹೊರಗಿಂದಲೇ ಬ್ಲೋವರಲ್ಲಿ ಧೂಳು ಊದಿ. ಗ್ರೈಂಡಿಂಗ್ ಧೂಳು ಒಳಗಿನ ಬೋರ್ಡಿಗೆ ಒಗ್ಗಲ್ಲ.

ಸರ್ವಿಸ್ಸು? ಫೀಡರಿನ ಮೋಟರ್ ಒಂದು ಸಲ ನಿಂತಾಗ ಅಂಗಡಿಗೆ ಫೋನ್ ಮಾಡಿದೆ. "ಮಿಷನ್ ತಂದು ಕೊಡಿ, ಬೆಂಗಳೂರಿಗೆ ಕಳಿಸ್ತೀವಿ, ಟೈಮ್ ಆಗುತ್ತೆ" ಅಂದ್ರು. ಸೀಸನ್ ನಡುವೆ ಟೈಮ್ ಎಲ್ಲಿಂದ ತರೋದು. ಟಾರ್ಚಿನ ಟ್ರಿಗರ್ ವೈರು ಬೆಸುಗೆ ಬಿಟ್ಟಿತ್ತು, ಇಲ್ಲೇ ಟಿವಿ ರಿಪೇರಿ ಹುಡುಗ ಹಾಕ್ಕೊಟ್ಟ. ತಗೊಳ್ಳೋದಾದ್ರೆ ಬಿಡಿಭಾಗ ಮಂಡ್ಯ, ಮೈಸೂರಲ್ಲೇ ಸಿಗುತ್ತಾ ಅಂತ ಕೇಳಿ, ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸ್ಕೊಳ್ಳಿ. ಅಂಗಡಿಯವರ ಎದುರೇ ಪ್ಲಗ್ ಹಾಕಿಸಿ ಎರಡು ತುಂಡು ಜೋಡಿಸಿ ತೋರಿಸೋಕೆ ಹೇಳಿ. ತೋರಿಸಲ್ಲ ಅಂದ್ರೆ ಪಕ್ಕದ ಅಂಗಡಿ.

ಗೇಟು, ಗ್ರಿಲ್ಲು, ತಗಡು, ಕಾರಿನ ಬಾಡಿ ಕೆಲಸ ಮಾಡೋರು ಕಣ್ಮುಚ್ಚಿ ತಗೊಳ್ಳಿ. ವರ್ಷಕ್ಕೆರಡು ಸಲ ನೇಗಿಲು ಸರಿಮಾಡ್ಕೊಳ್ಳೋ ರೈತರಿಗೆ ಇದು ಬೇಡ, ಸಣ್ಣ ಇನ್ವರ್ಟರ್ ರಾಡ್ ಮಿಷನ್ನು ಸಾಕು, ಗ್ಯಾಸಿನ ತಲೆನೋವಿಲ್ಲ, ಹೊಲಕ್ಕೂ ಹೊತ್ಕೊಂಡು ಹೋಗಬಹುದು. ಅಲ್ಯೂಮಿನಿಯಂ ಕೂಡ ಆಗುತ್ತೆ ಅಂತ ಪೆಟ್ಟಿಗೆ ಮೇಲೆ ಚಿತ್ರ ಹಾಕಿದ್ದಾರೆ. ಅದಕ್ಕೆ ಶುದ್ಧ ಆರ್ಗಾನು, ಯು ತೋಡಿನ ರೋಲರು, ಟೆಫ್ಲಾನ್ ಲೈನರು, ಇಲ್ಲಾಂದ್ರೆ ವೈರಿನ ರೋಲು ಟಾರ್ಚಲ್ಲೇ ಇರೋ ಸ್ಪೂಲ್ ಗನ್ನು ಬೇಕು, ಪೆಟ್ಟಿಗೇಲಿ ಇವ್ಯಾವೂ ಇಲ್ಲ. ಭಾವ ಮೊನ್ನೆ ಬಂದಾಗ ಅಪ್ಪನ ಆಯಿಲ್ ಮಿಷನ್ನನ್ನ ಗುಜರಿಗೆ ಹಾಕ್ತೀಯೇನೋ, ತಾಮ್ರಕ್ಕೆ ಒಳ್ಳೇ ರೇಟೈತೆ ಅಂದ್ರು. ಡ್ರಾಬಾರ್ ಕೆಲಸ ಯಾರು ಮಾಡ್ತಾರೆ ಅಂದೆ. ನಾನೇ ತಗೋತೀನಿ, ಎಷ್ಟಕ್ಕೆ ಕೊಡ್ತೀಯಾ ಅಂತ ಮಾತು ಬದಲಾಯಿಸಿದ್ರು.